ಸಾವಿನ ಸಿನಿಮಾ ಇಷ್ಟು ನಿಧಾನ ಇರಬೇಕಾ?

ಪರ

ಇರಲೇಬೇಕು. ಮೆಕ್ಸಿಕೋದ ಕಾರ್ಲೋಸ್ ರೇಗದಾಸ್ ಮಾಡಿದ ‘ಸೈಲೆಂಟ್ ಲೈಟ್’ (2007) ನೋಡಿ. ಮೊದಲ ಐದಾರು ನಿಮಿಷ ಬರೀ ಬೆಳಗಾಗುತ್ತದೆ, ಮನುಷ್ಯರೇ ಇಲ್ಲ. ಆಮೇಲೆ ಮೆನೊನೈಟ್ ಅನ್ನುವ ಕ್ರಿಶ್ಚಿಯನ್ ಪಂಗಡದ ರೈತ ಯೋಹಾನನ ಮನೆ, ತಿಂಡಿಗೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿದ್ದಾರೆ, ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಹೆಂಡತಿ ಮಕ್ಕಳು ಹೊರಗೆ ಹೋದ ಮೇಲೆ ಯೋಹಾನ್ ಆ ಗಡಿಯಾರ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಅವನಿಗೆ ಇನ್ನೊಬ್ಬಳ ಮೇಲೆ ಪ್ರೀತಿ, ಅದು ಹೆಂಡತಿಗೂ ಗೊತ್ತು.

ಮುಂದೆ ಆ ಹೆಂಡತಿ ಎಸ್ತರ್ ಸಾಯುತ್ತಾಳೆ. ಬಿಳಿ ಕೋಣೆಯಲ್ಲಿ ದೇಹ, ಸುತ್ತ ನೆಂಟರು, ಒಂದು ಹಾಡು. ಮಂಗಳೂರಲ್ಲಿ ಕೊಂಕಣಿ ಕ್ರಿಶ್ಚಿಯನ್ನರ ಸಾವಿನ ಮನೆಗೆ ಹೋದವರಿಗೆ ಇದು ಹೊಸತಲ್ಲ. ಗಲ್ಫಿಂದ ಮಗ ಬರಬೇಕು, ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದಿದೆ, ಹೇಳಲಿಕ್ಕೆ ಏನೂ ಇಲ್ಲ, ಎದ್ದು ಹೋಗಲಿಕ್ಕೂ ಆಗುವುದಿಲ್ಲ, ಸುಮ್ನೆ ಕುರ್ಚಿಯಲ್ಲಿ ಕೂತಿರುತ್ತೇವೆ. ಸಿನಿಮಾವನ್ನು ಒಂದೂವರೆ ಗಂಟೆಗೆ ಕತ್ತರಿಸಿದರೆ ಕತೆ ಉಳಿದೀತು, ಆ ಕೂರುವುದು ಉಳಿಯುವುದಿಲ್ಲ. ರಾತ್ರಿಯಿಡೀ ದೈವದ ಕೋಲಕ್ಕೆ ಕೂರುವ ಊರಿನವರಿಗೆ ಎರಡೂಕಾಲು ಗಂಟೆ ಏನು ಮಹಾ?

ವಿರೋಧ

ಕೋಲದ ಮಾತು ಇಲ್ಲಿ ಬೇಡ. ಅಲ್ಲಿ ನಡುವೆ ಎದ್ದು ಹೋಗಿ ಚಾ ಕುಡಿದು ಬರಬಹುದು, ದೈವ ನುಡಿ ಕೊಡುವುದೂ ನಮ್ಮ ಮನೆಯ ವಿಷಯಕ್ಕೇ. ಯಕ್ಷಗಾನವೇ ಎಷ್ಟೋ ಕಡೆ ಕಾಲಮಿತಿಗೆ ಬಂದಾಯಿತು.

ಅದಿರಲಿ, ನಿಧಾನ ನನಗೂ ಸಹ್ಯ. ತಕರಾರು ಇರುವುದು ಕೊನೆಯ ಬಗ್ಗೆ. ಯೋಹಾನ್ ಪ್ರೀತಿಸಿದ ಮರಿಯಾನೆ ಬಂದು ಹೆಣದ ತುಟಿಗೆ ಮುತ್ತು ಕೊಡುತ್ತಾಳೆ, ಎಸ್ತರ್ ಕಣ್ಣು ಬಿಡುತ್ತಾಳೆ. ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ 1955ರಲ್ಲೇ ‘ಓರ್ಡೆಟ್’ ಸಿನಿಮಾದಲ್ಲಿ ಸತ್ತವಳನ್ನು ಎಬ್ಬಿಸಿದ್ದ. ಆದರೆ ಅಲ್ಲಿ ಅಪ್ಪ, ಮಕ್ಕಳು, ಪಾದ್ರಿ, ಡಾಕ್ಟರು, ಪಕ್ಕದ ಮನೆಯವನು, ಎಲ್ಲರೂ ಮೊದಲಿಂದ ನಂಬಿಕೆಯ ಬಗ್ಗೆ ಜಗಳ ಆಡಿರುತ್ತಾರೆ, ಅವಳು ಎದ್ದಾಗ ಪ್ರತಿಯೊಬ್ಬನೂ ತಾನು ಆಡಿದ ಮಾತಿಗೆ ಲೆಕ್ಕ ಕೊಡಬೇಕಾಗುತ್ತದೆ. ಇಲ್ಲಿ ಯಾರು ಬೇಡಿಕೊಂಡರು? ಯೋಹಾನನ ಪ್ರೀತಿ ದೇವರು ಕೊಟ್ಟದ್ದಾ ಸೈತಾನನ ಕೆಲಸವಾ ಅಂತ ಅಪ್ಪ ಮಗ ಒಮ್ಮೆ ಮಾತಾಡುತ್ತಾರೆ, ಹೆಚ್ಚುಕಮ್ಮಿ ಅಷ್ಟೇ. ಉಳಿದದ್ದನ್ನು ಮೌನದೊಳಗೆ ನಾವೇ ತುಂಬಿಸಿಕೊಳ್ಳಬೇಕು, ಅದಕ್ಕೆ ಆಳ ಅಂತ ಹೆಸರು ಬೇರೆ.

ಇನ್ನೊಂದು ಸಿಟ್ಟೂ ಉಂಟು. ಜೋರು ಮಳೆಗೆ ಕಾರಿಳಿದು ರಸ್ತೆ ಬದಿಯಲ್ಲಿ ಕುಸಿದು ಸತ್ತವಳು ಎಸ್ತರ್. ಎದ್ದ ಮೇಲೂ ಅವಳಿಗೆ ಗಂಡನದೇ ಚಿಂತೆ! ಸಿನಿಮಾ ಇನ್ನೂ ಹತ್ತು ನಿಮಿಷ ಜಾಸ್ತಿ ಆಗಿದ್ದರೂ ಪರವಾಗಿರಲಿಲ್ಲ, ಅವಳು ಅವನಿಗೆ ನಾಲ್ಕು ಮಾತು ಬೈಯುವುದನ್ನು ತೋರಿಸಬೇಕಿತ್ತು.