ಸತ್ಯಾಂಶ: ‘ಕಲಿಕೆಯ ಶೈಲಿ’ ಗುರುತಿಸುವ ತಂತ್ರಾಂಶದಿಂದ ಕಲಿಕೆ ಹೆಚ್ಚುವುದೇ?

‘ವಯಸ್ಕರಲ್ಲಿ ಕೆಲವರು ನೋಡಿ, ಕೆಲವರು ಕೇಳಿ, ಕೆಲವರು ಮಾಡಿ ಕಲಿಯುತ್ತಾರೆ, ತಂತ್ರಾಂಶವು ಈ ಶೈಲಿಯನ್ನು ಗುರುತಿಸಿ ಪಾಠ ಕೊಟ್ಟರೆ ಕಲಿಕೆ ಇಮ್ಮಡಿಯಾಗುತ್ತದೆ’ ಎಂಬ ಸಂದೇಶ ವೃತ್ತಿ ತರಬೇತಿಯ ವಲಯಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಒಬ್ಬೊಬ್ಬರಿಗೆ ಒಂದೊಂದು ಮಾಧ್ಯಮ ಹಿಡಿಸುವುದು ನಿಜ. ಆದರೆ ಹಿಡಿಸಿದ ಮಾಧ್ಯಮದಲ್ಲೇ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದು ಬೇರೆಯೇ ಮಾತು. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಈ ಹೇಳಿಕೆಯನ್ನು ಸಮರ್ಥಿಸುವಷ್ಟು ಪುರಾವೆ ಇಲ್ಲವೆಂದು ತೀರ್ಮಾನಿಸಿದರು. ಮಾಧ್ಯಮವನ್ನು ನಿರ್ಧರಿಸಬೇಕಾದದ್ದು ಬಹುಮಟ್ಟಿಗೆ ವಿಷಯವೇ: ಹೃದಯ ಬಡಿತದ ಸದ್ದಿನಲ್ಲಿನ ದೋಷವನ್ನು ಗುರುತಿಸಲು ಕಿವಿಗೊಟ್ಟೇ ಕಲಿಯಬೇಕು, ನಕ್ಷೆಯನ್ನು ನೋಡಿಯೇ ತಿಳಿಯಬೇಕು.

ಹಾಗೆಂದು ವ್ಯಕ್ತಿಗೆ ಹೊಂದಿಸಿದ ಕಲಿಕೆಯೇ ಹುಸಿ ಎಂದು ತಳ್ಳಿಹಾಕುವುದು ಅಷ್ಟೇ ತಪ್ಪು. ವಯಸ್ಕ ಕಲಿಕಾರ್ಥಿಗಳ ನಡುವಿನ ಬಹುದೊಡ್ಡ ವ್ಯತ್ಯಾಸವಿರುವುದು ಪೂರ್ವಜ್ಞಾನದಲ್ಲಿ. ಹತ್ತು ವರ್ಷ ಲೆಕ್ಕಪತ್ರ ನೋಡಿಕೊಂಡವರಿಗೂ ನಿನ್ನೆ ಕೆಲಸಕ್ಕೆ ಸೇರಿದವರಿಗೂ ಒಂದೇ ಪಾಠ ಕೊಟ್ಟರೆ ಇಬ್ಬರಿಗೂ ಅನ್ಯಾಯವಾಗುತ್ತದೆ; ಹೊಸಬರಿಗೆ ನೆರವಾಗುವ ಹೆಜ್ಜೆಹೆಜ್ಜೆಯ ವಿವರಣೆಯು ಅನುಭವಿಗಳ ಕಲಿಕೆಗೆ ಅಡ್ಡಿಯೂ ಆಗಬಹುದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಆರಂಭದಲ್ಲೊಂದು ಪರೀಕ್ಷೆಯಿಟ್ಟು, ಗೊತ್ತಿರುವುದನ್ನು ಬಿಟ್ಟು ಮುಂದೆ ಸಾಗಲು ಬಿಡುವ ತಂತ್ರಾಂಶ ನಿಜಕ್ಕೂ ಉಪಯುಕ್ತ.

ಮರೆವಿನ ವಿಷಯದಲ್ಲೂ ಅಷ್ಟೇ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ, ಒಮ್ಮೆಲೇ ಓದುವುದಕ್ಕಿಂತ ದಿನಗಳ ಅಂತರದಲ್ಲಿ ಮರುಕಳಿಸಿ ಓದಿದ್ದು ಹೆಚ್ಚು ಕಾಲ ಉಳಿಯುತ್ತದೆ. ಯಾರು ಯಾವ ಪ್ರಶ್ನೆಯಲ್ಲಿ ಎಡವಿದರೆಂದು ನೆನಪಿಟ್ಟು, ಸರಿಯಾದ ಅಂತರದಲ್ಲಿ ಅದನ್ನೇ ಮತ್ತೆ ಕೇಳುವ ಕೆಲಸವನ್ನು ಕಂಪ್ಯೂಟರು ಬೇಸರವಿಲ್ಲದೆ ಮಾಡಬಲ್ಲದು.