ರಜೆ ಕೊಡುವವರು ಯಾರು?

ನಮ್ಮದು ಮನೆಮಂದಿಯೇ ನಡೆಸುವ ವ್ಯಾಪಾರ. ಕೆಲಸಗಾರರು ಹನ್ನೆರಡು ಜನ, ಯಜಮಾನರು ಐದು ಜನ. ಅಪ್ಪ, ಚಿಕ್ಕಪ್ಪ, ಅಣ್ಣ, ನಾನು. ಅಮ್ಮ ಆಫೀಸಿಗೆ ಬರುವುದೇ ಇಲ್ಲ, ಆದರೂ ಲೆಕ್ಕಕ್ಕೆ ಸೇರಿಸಲೇಬೇಕು.

ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಅಂತ ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫೇಯೋಲ್ 1916ರಲ್ಲೇ ಬರೆದಿಟ್ಟಿದ್ದಾರೆ. ಓದಿ ನನಗೆ ಹುರುಪು ಬಂತು. (ಪುಣ್ಯಾತ್ಮನಿಗೆ ನಮ್ಮ ಚಿಕ್ಕಪ್ಪನಂಥವರು ಸಿಕ್ಕಿರಲಿಲ್ಲ ಅನ್ನಿಸುತ್ತದೆ.) ಯಾಕಂದ್ರೆ ನಮ್ಮ ಹುಡುಗರು ರಜೆ ಕೇಳುವ ಕ್ರಮವೇ ಬೇರೆ. ಅಪ್ಪ ಸಿಡುಕಿದರೆ ಚಿಕ್ಕಪ್ಪ. ಅವರೂ ಒಪ್ಪದಿದ್ದರೆ ಅಣ್ಣ. ಎಲ್ಲೂ ಗಿಟ್ಟದಿದ್ದರೆ ಸೀದಾ ಅಮ್ಮನಿಗೆ ಫೋನು. ಅಮ್ಮ "ಅಯ್ಯೋ, ಹೋಗ್ಬಾರಪ್ಪ" ಅಂದರೆ ಮುಗೀತು, ಅದಕ್ಕೆ ಮೇಲ್ಮನವಿ ಇಲ್ಲ.

ಒಂದು ಸೋಮವಾರ ನೋಟಿಸ್ ಅಂಟಿಸಿದೆ. ರಜೆ ಬೇಕಾದವರು ಅರ್ಜಿ ಬರೆದು ನನಗೇ ಕೊಡಬೇಕು. ತಡವಾಗಿ ಬಂದವರಿಗೆ ಮೆಮೊ, ಮನೆಯವರಿಗೂ ವಿನಾಯಿತಿ ಇಲ್ಲ.

ಮಂಗಳವಾರ ತಡವಾಗಿ ಬಂದವರು ಒಬ್ಬರೇ, ಚಿಕ್ಕಪ್ಪ. ಎದೆ ಗಟ್ಟಿ ಮಾಡಿಕೊಂಡು ಮೆಮೊ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕೆಂಪು ಪೆನ್ನು ತೆಗೆದು ಮೂರು ಕಾಗುಣಿತದ ತಪ್ಪು ತಿದ್ದಿದರು. "ಇನ್ನೊಂದ್ಸಲ ನೀಟಾಗಿ ಬರ್ಕೊಂಡು ಬಾ" ಅಂತ ವಾಪಸ್ ಕೊಟ್ಟರು.

ಅದಾದರೂ ಪರವಾಗಿಲ್ಲ. ನಮ್ಮ ಲೆಕ್ಕ ಬರೆಯುವ ಗುಮಾಸ್ತರಿದ್ದಾರಲ್ಲ, ಅವರು ನಾನು ಹುಟ್ಟುವ ಮೊದಲಿಂದ ಇಲ್ಲಿದ್ದಾರೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತಾಡಿಸಿದವರು. ಹೊಸ ಹುಡುಗರೆದುರು ನಾನು ಗಂಭೀರವಾಗಿ ಮೀಟಿಂಗ್ ಮಾಡುತ್ತಿದ್ದರೆ, "ಪುಟ್ಟಾ, ಫ್ಯಾನ್ ಜೋರು ಮಾಡ್ಲಾ? ಬೆವರ್ತಿದೀಯ" ಅನ್ನುತ್ತಾರೆ. ಇಂಥವರ ವರ್ಷದ ಕೆಲಸಕ್ಕೆ ಐದಕ್ಕೆ ಎಷ್ಟು ಅಂಕ ಕೊಡುವುದು ಹೇಳಿ? ಆದರೂ ಫಾರಂ ಹಿಡಿದು ಎದುರು ಕೂತೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರಶ್ನೆ ಅವರದು, ಉತ್ತರ ನನ್ನದು ಆಗಿಬಿಟ್ಟಿತ್ತು. ಬಾಕಿ ವಸೂಲಿ ಎಲ್ಲಿಗೆ ಬಂತು, ಆ ಹಳೇ ಗಿರಾಕಿಯನ್ನು ಯಾಕೆ ಬಿಟ್ಟೆ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯ, ಎಲ್ಲಾ ವಿಚಾರಿಸಿದರು. ಕೊನೆಗೆ ನನಗೆ ಐದಕ್ಕೆ ಮೂರು ಬಿತ್ತು. ಅದರಲ್ಲಿ ಒಂದು ಸುಮ್ನೆ ಪ್ರೀತಿಗೆ.

ಕಳೆದ ವಾರ ನನಗೇ ಎರಡು ದಿನ ರಜೆ ಬೇಕಾಯಿತು. ನಿಯಮ ಮಾಡಿದವನೇ ಮುರಿಯೋಕಾಗಲ್ಲ, ಅಲ್ವಾ? ಅರ್ಜಿ ಬರೆದೆ. ಆದರೆ ಸಹಿ ಹಾಕುವವರು ಯಾರು? ಅಪ್ಪ ಚಿಕ್ಕಪ್ಪನ ಕಡೆ ಕೈ ತೋರಿಸಿದರು. ಚಿಕ್ಕಪ್ಪ ಕೆಂಪು ಪೆನ್ನು ಹುಡುಕತೊಡಗಿದರು.

ಮೆಲ್ಲಗೆ ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದೆ.