‘ನೋವು ಬಂದಾಗ ಒಂದು’, ಇಷ್ಟೇನಾ ಹೇಳೋದು?

ಮೈಗ್ರೇನಿಗೆ ಸುಮಾಟ್ರಿಪ್ಟಾನ್ ಮಾತ್ರೆ ಬರೆದುಕೊಡ್ತಾರೆ. ಚೀಟಿಯಲ್ಲಿ ‘ನೋವು ಬಂದಾಗ ಒಂದು’ ಅಂತ ಗೀಚಿದರೆ ಮುಗೀತು. ಬಂದಾಗ ಅಂದ್ರೆ ಯಾವಾಗ? ಹಣೆ ಮಿಡಿಯೋಕೆ ಶುರುವಾದಾಗಲೋ, ಕಣ್ಣು ಬಿಡೋಕೂ ಆಗದಾಗಲೋ? ಮಾತ್ರೆ ನಾಟುತ್ತೋ ಇಲ್ವೋ ಅನ್ನೋದು ಬಹುಪಾಲು ಇದರ ಮೇಲೇ ನಿಂತಿದೆ. ಅದನ್ನೇ ಹೇಳಲ್ಲ!

ಮನೆಯವರದ್ದು ಇನ್ನೊಂದು ಕಾಟ: ‘ಸುಮ್ಸುಮ್ನೆ ಮಾತ್ರೆ ನುಂಗ್ಬೇಡ, ಸ್ವಲ್ಪ ತಡ್ಕೋ.’ ತಡ್ಕೊಂಡಷ್ಟೂ ಕೆಡುತ್ತೆ ರೀ. ಮೈಗ್ರೇನ್ ಏರಿದಾಗ ಹೊಟ್ಟೆಯ ಚಲನೆಯೇ ನಿಧಾನವಾಗುತ್ತೆ. ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಅಲ್ಲೇ ಕೂತಿರುತ್ತೆ, ಆಮೇಲೆ ವಾಂತಿಯಲ್ಲಿ ಆಚೆ. ಬಾಚಣಿಗೆ ತಾಗಿದರೂ ನೆತ್ತಿ ಉರಿಯೋ ಹಂತಕ್ಕೆ ಹೋದಮೇಲೆ ನೋವು ಪೂರ್ತಿ ಇಳಿಯೋದು ಕಷ್ಟ. ನೋವು ಇನ್ನೂ ಸಣ್ಣದಿರುವಾಗಲೇ ತಗೋಬೇಕು. ಕಣ್ಣೆದುರು ಅಂಕುಡೊಂಕು ಬೆಳಕು ಕಾಣೋ ಔರಾ ಇದ್ದವರು, ಬೆಳಕು ಕಂಡ ಕೂಡಲೇ ಅಲ್ಲ, ನೋವು ಶುರುವಾದ ಮೇಲೆ.

ನೋವು ಇಳಿದು ಮತ್ತೆ ಬಂದರೆ ಎರಡನೇ ಮಾತ್ರೆ, ಕನಿಷ್ಠ 2 ಗಂಟೆ ಬಿಟ್ಟು. 24 ಗಂಟೆಯಲ್ಲಿ ಒಟ್ಟು 200 ಮಿಗ್ರಾಂ ದಾಟಬಾರದು. ಪ್ರತಿ ಸಲ ವಾಂತಿ ಆಗುವವರಿಗೆ ಇದೇ ಔಷಧಿಯ ಮೂಗಿನ ಸ್ಪ್ರೇ ಇದೆ, ಚರ್ಮದಡಿ ಚುಚ್ಚೋ 6 ಮಿಗ್ರಾಂ ಇಂಜೆಕ್ಷನ್ ಇದೆ. ಇವೂ ಇವೆ ಅಂತ ಎಷ್ಟು ಜನಕ್ಕೆ ಹೇಳಿದ್ದಾರೆ? ಇದೇ ಗುಂಪಿನ, ನಾಲಿಗೆ ಮೇಲೆ ಕರಗೋ ರಿಜಾಟ್ರಿಪ್ಟಾನ್ ಮಾತ್ರೆ ಕೊಟ್ಟು ‘ಇದು ಬೇಗ ಹತ್ತುತ್ತೆ’ ಅಂತಾರೆ. ಕರಗೋದು ಬಾಯಲ್ಲಿ, ರಕ್ತಕ್ಕೆ ಸೇರೋದು ಕರುಳಿಂದಲೇ. ನೀರು ಬೇಡ ಅನ್ನೋದಷ್ಟೇ ಅನುಕೂಲ.

ಮೈ ಉರಿಯೋದು ಇಲ್ಲಿ: ಮೈಗ್ರೇನ್ ಬರದಿರಲಿ ಅಂತ ದಿನಾ ಪ್ರೊಪ್ರನೊಲಾಲ್ ತಗೊಳ್ಳೋರಿಗೆ ರಿಜಾಟ್ರಿಪ್ಟಾನ್ ಮಟ್ಟ ರಕ್ತದಲ್ಲಿ ಏರುತ್ತೆ. ಅವರಿಗೆ 10 ಅಲ್ಲ, 5 ಮಿಗ್ರಾಂ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯೋ ಕೈಗೆ ಇದು ನೆನಪಿರಬೇಡವಾ?

ಈ ಗುಂಪಿನ ಔಷಧಿಗಳು, ಅಂದ್ರೆ ಟ್ರಿಪ್ಟಾನ್‌ಗಳು, ರಕ್ತನಾಳ ಕುಗ್ಗಿಸುತ್ತವೆ. ಹೃದಯದ ರಕ್ತನಾಳದ ಕಾಯಿಲೆ, ಪಾರ್ಶ್ವವಾಯು ಆಗಿದ್ದವರಿಗೆ, ಹಿಡಿತಕ್ಕೆ ಬಾರದ ಬಿಪಿ ಇರೋರಿಗೆ ಕೊಡಲೇಬಾರದು. ಬಿಪಿ ನೋಡದೆ ಬರೆದುಕೊಡೋದು ಯಾವ ಸೀಮೆ ವೈದ್ಯ? ಎದೆ, ಕುತ್ತಿಗೆ ಬಿಗಿದಂತಾಗೋದು ಈ ಔಷಧಿಯಲ್ಲಿ ಉಂಟು, ಹೆಚ್ಚಾಗಿ ತಾನೇ ಹೋಗುತ್ತೆ. ಮೊದಲೇ ಹೇಳದಿದ್ದರೆ ರೋಗಿ ಹೃದಯಾಘಾತ ಅಂತ ನಡುಗ್ತಾನೆ. ಬಿಗಿತ ಜೋರಾದರೆ, ಬಿಡದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅನ್ನೋದನ್ನೂ ಹೇಳಲ್ಲ.

ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು ಈ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತೆ. ಆ ಹಂತಕ್ಕೆ ಬಂದವರ ಕೈಗೂ ಅದೇ ಚೀಟಿ ಕೊಟ್ಟು ಕಳಿಸ್ತಾರೆ, ‘ನೋವು ಬಂದಾಗ ಒಂದು’ ಅಂತ. ತಿಂಗಳಿಗೆ ಎಷ್ಟು ದಿನ ತಗೊಂಡ್ರಿ ಅಂತ ಒಂದು ಮಾತೂ ಕೇಳಲ್ಲ.